ಡ್ರಮ್ಸ್ ಇಲ್ಲ, ಇರೋದು ಮೂರೇ ಜನ

ಜಿಪ್ಸಿ ಜ್ಯಾಝ್, ಅಂದ್ರೆ ಪ್ಯಾರಿಸ್‌ನಲ್ಲಿ ರೊಮಾನಿ (ಜಿಪ್ಸಿ) ಗಿಟಾರಿಸ್ಟ್‌ಗಳಿಂದ ಬೆಳೆದ ಜ್ಯಾಝ್, ಹೊಸದಾಗಿ ಕೇಳೋರು ಮೊದ್ಲು ಬೀಳೋದೇ ಸೋಲೋಗೆ, ಅಂದ್ರೆ ಒಬ್ಬರೇ ಮುಂದೆ ಬಂದು ನುಡಿಸೋ ಭಾಗಕ್ಕೆ, ಅದ್ರಲ್ಲಿ ತಪ್ಪೇನಿಲ್ಲ, ಆ ಪರಿ ಸ್ಪೀಡಲ್ಲಿ ಬೆರಳು ಓಡ್ತಿದ್ರೆ ಇನ್ನೆಲ್ಲಿ ನೋಡ್ತೀರ. ಆದ್ರೆ ನನ್ ಕೇಳಿದ್ರೆ ಈ ಸಂಗೀತದ ಜೀವ ಇರೋದು ಪಕ್ಕದಲ್ಲಿ ಕೂತು ಹಾಡು ಶುರುವಿಂದ ಕೊನೆವರೆಗೂ ಒಂದೇ ಕೆಲ್ಸ ಮಾಡ್ತಿರ್ತಾನಲ್ಲ ರಿದಮ್ ಗಿಟಾರಿಸ್ಟು, ಅವನ ಬಲಗೈಲಿ. ಅದು ಚೆನ್ನಾಗಿ ಕೇಳ್ಸೋದು ಟ್ರಯೋದಲ್ಲಿ, ಮೂರೇ ಜನರ ತಂಡದಲ್ಲಿ. ಒಂದು ಲೀಡ್ ಗಿಟಾರೋ ವಯಲಿನ್ನೋ, ಒಂದು ರಿದಮ್ ಗಿಟಾರ್, ಒಂದು ಡಬಲ್ ಬೇಸ್, ಅಷ್ಟೇ. ಡ್ರಮ್ಸ್ ಇಲ್ಲ, ಪಿಯಾನೋ ಇಲ್ಲ, ಅಡಗಿಕೊಳ್ಳೋಕೆ ಜಾಗಾನೇ ಇಲ್ಲ.

ಮಜಾ ಏನು ಅಂದ್ರೆ ಇದನ್ನ ಹುಟ್ಟಿಸಿದ ಗಿಟಾರಿಸ್ಟ್ ಜಾಂಗೋ ರೈನ್‌ಹಾರ್ಟ್‌ಗೇ ಮೂರು ಜನ ಸಾಲ್ತಿರ್ಲಿಲ್ಲ. 1934ರಲ್ಲಿ ಪ್ಯಾರಿಸ್‌ನಲ್ಲಿ ಅವನೂ ವಯಲಿನಿಸ್ಟ್ ಸ್ಟೆಫಾನ್ ಗ್ರಾಪೆಲ್ಲಿನೂ ಸೇರಿ ಕಟ್ಟಿದ ಹಾಟ್ ಕ್ಲಬ್ ಕ್ವಿಂಟೆಟ್‌ನಲ್ಲಿ ಗಿಟಾರೇ ಮೂರು. ಜೊತೆಗೆ ವಯಲಿನ್ನು, ಲೂಯಿ ವೋಲಾ ಬೇಸು. ಗ್ರಾಪೆಲ್ಲಿ ಸೋಲೋ ನುಡಿಸುವಾಗ ಹಿಂದೆ ಎರಡು ಗಿಟಾರ್ ಇರುತ್ತೆ, ನಾನು ನುಡಿಸುವಾಗ ಒಂದೇ ಇರುತ್ತೆ, ಇದ್ಯಾವ ನ್ಯಾಯ ಅಂತ ಜಾಂಗೋ ಗೊಣಗಿದ್ದಕ್ಕೆ ಅವನ ತಮ್ಮ ಜೋಸೆಫ್‌ನ ಮೂರನೇ ಗಿಟಾರಾಗಿ ಸೇರಿಸ್ಕೊಂಡ್ರು ಅಂತ ಕಥೆ ಇದೆ. ನಿಜಾನೋ ಸುಳ್ಳೋ, ಆ ಮನುಷ್ಯನ ಸ್ವಭಾವಕ್ಕಂತೂ ಸರಿಯಾಗಿ ಹೊಂದುತ್ತೆ. 1910ರಲ್ಲಿ ಬೆಲ್ಜಿಯಂನ ಒಂದು ರೊಮಾನಿ ಕುಟುಂಬದಲ್ಲಿ ಹುಟ್ಟಿ, ಹುಡುಗನಾಗಿದ್ದಾಗ್ಲೇ ಪ್ಯಾರಿಸ್ ಡ್ಯಾನ್ಸ್ ಹಾಲ್‌ಗಳಲ್ಲಿ ಅಕಾರ್ಡಿಯನ್‌ನವರ ಜೊತೆ ಬ್ಯಾಂಜೋ ಬಾರಿಸ್ತಾ ಬೆಳೆದವನು. 1928ರಲ್ಲಿ ಅವನಿದ್ದ ಕ್ಯಾರವಾನ್‌ಗೆ ಬೆಂಕಿ ಬಿದ್ದು ಎಡಗೈ ಸುಟ್ಟು ಉಂಗುರದ ಬೆರಳು ಕಿರುಬೆರಳು ಎರಡೂ ಮಡಚಿಕೊಂಡು ಹಾಗೇ ನಿಂತ್ವು, ಆಮೇಲೆ ಸೋಲೋ ಎಲ್ಲಾ ಹೆಚ್ಚುಕಮ್ಮಿ ಉಳಿದೆರಡು ಬೆರಳಲ್ಲೇ, ಆ ಸೊಟ್ಟಗಿದ್ದವು ಅಲ್ಲಲ್ಲಿ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹಿಡಿಯೋಕೆ ಮಾತ್ರ. ಈ ಕಥೆ ಎಲ್ಲಾರೂ ಹೇಳ್ತಾರೆ, ಜಾಸ್ತಿ ಎಳೆಯಲ್ಲ.

ರಿದಮ್ ವಿಷಯಕ್ಕೆ ಬರೋಣ. ಅದಕ್ಕೆ ಲಾ ಪೋಂಪ್ ಅಂತಾರೆ. ಕೇಳೋಕೆ ಜಕ್-ಜಕ್ ಅಂತ ನಾಲ್ಕು ಹೊಡೆತ ಅಷ್ಟೇ ಅನ್ಸುತ್ತೆ, ಗಿಟಾರ್ ಕೈಗೆ ತಗೊಂಡ್ರೆ ಗೊತ್ತಾಗುತ್ತೆ. ಒಂದು, ಮೂರನೇ ಬೀಟಲ್ಲಿ ಮೇಲಿನ ದಪ್ಪ ತಂತಿಗಳ ಕಡೆ ಒತ್ತು, ಎರಡು, ನಾಲ್ಕರಲ್ಲಿ ಎಲ್ಲಾ ತಂತಿ ಸೇರಿಸಿ ಗಟ್ಟಿಯಾಗಿ ಹೊಡೆದು ತಕ್ಷಣ ಎಡಗೈ ಬೆರಳು ಸ್ವಲ್ಪ ಸಡಿಲ ಬಿಡ್ಬೇಕು, ಆಗ ಕಾರ್ಡು ಚಕ್ ಅಂತ ಕತ್ತರಿಸಿ ನಿಲ್ಲುತ್ತೆ, ಸ್ನೇರ್ ಡ್ರಮ್ ಕೆಲ್ಸ ಮಾಡೋದು ಇದೇ. ಇದರ ಮಧ್ಯೆ ಬೀಟ್ ಬೀಳೋಕ್ಕಿಂತ ಒಂಚೂರು ಮುಂಚೆ ಕೆಳಗಿಂದ ಮೇಲಕ್ಕೆ ಒಂದು ಸಣ್ಣ ಸ್ಟ್ರೋಕು, ಕೆಲವರು ಅದನ್ನ ಬಿಟ್ಟೇಬಿಡ್ತಾರೆ, ಕೆಲವರು ಕೇಳಿಸಿಯೂ ಕೇಳಿಸದ ಹಾಗೆ ಹಾಕ್ತಾರೆ, ಸ್ವಿಂಗ್ ಅನ್ನೋದು ಅರ್ಧ ಅಲ್ಲೇ ಇರೋದು. ಬೇಸಿನವನು ಸಾಮಾನ್ಯವಾಗಿ ಒಂದು, ಮೂರಕ್ಕೆ ಮೂಲ ಸ್ವರ, ಅದರ ಪಂಚಮ, ಇಷ್ಟೇ ಇಟ್ಕೊಂಡು ಹೋಗ್ತಾನೆ. ಇಬ್ಬರೂ ಸೇರಿ ಒಂದು ಡ್ರಮ್ ಸೆಟ್. ಇದನ್ನೇ ನಿಮಿಷಕ್ಕೆ 250 ಬೀಟ್ ದಾಟೋ ಸ್ಪೀಡಲ್ಲಿ, ಮಣಿಕಟ್ಟು ಬಿಗಿಯಾಗದ ಹಾಗೆ, ಓಡದೆ ಎಳೀದೆ ನಾಲ್ಕೈದು ನಿಮಿಷ ಕಾಯ್ದುಕೊಳ್ಳೋದು ಇದ್ಯಲ್ಲ, ಅದಕ್ಕೆ ಯಾರೂ ಚಪ್ಪಾಳೆ ಹೊಡೆಯಲ್ಲ!

ಗಿಟಾರ್ ಕೂಡ ಇದಕ್ಕೇ ಅಂತ ಹುಟ್ಟಿದ ಹಾಗಿದೆ. ಮಾರಿಯೋ ಮಕ್ಕಾಫೆರಿ ಡಿಸೈನ್ ಮಾಡಿ 1932ರಲ್ಲಿ ಫ್ರಾನ್ಸಿನ ಸೆಲ್ಮರ್ ಕಂಪನಿ ಹೊರತಂದಿದ್ದು. ಮೊದಲಿನವಕ್ಕೆ ಸದ್ದು ಹೊರಬರೋ ಜಾಗದಲ್ಲಿ ಡಿ ಆಕಾರದ ದೊಡ್ಡ ಬಾಯಿ, ಆಮೇಲಿನವಕ್ಕೆ ಸಣ್ಣ ಮೊಟ್ಟೆ ಆಕಾರದ ಬಾಯಿ. ಎಲ್ಲಾ ಸೇರಿಸಿದ್ರೂ ಸಾವಿರ ದಾಟಲಿಲ್ಲ, ಹಾಗಾಗಿ ಈಗ ಎಲ್ಲಾರ ಕೈಲೂ ಇರೋದು ಅದರ ಕಾಪಿನೇ. ಇದರ ನಾದ ತಟ್ಟಂತ ಎದ್ದು ತಟ್ಟಂತ ಆರಿಹೋಗುತ್ತೆ, ಸಾಮಾನ್ಯ ಅಕೌಸ್ಟಿಕ್ ಗಿಟಾರ್ ಥರ ಗುಂಯ್ ಅಂತ ಉಳಿಯಲ್ಲ. ಮೈಕು ಆಂಪ್ಲಿಫೈಯರ್ ಸರಿಯಾಗಿಲ್ಲದ ಕಾಲದಲ್ಲಿ ಜನರ ಗಲಾಟೆ ಮಧ್ಯೆ ಕೇಳ್ಸೋಕೆ ಇಂಥ ಚೂಪು ಸದ್ದೇ ಬೇಕಿತ್ತು. ಲೀಡ್ ನುಡಿಸೋರೂ ಅಷ್ಟೇ, ಪಿಕ್ಕು ಒಳ್ಳೇ ಗುಂಡಿಯಷ್ಟು ದಪ್ಪ, ಕೈ ಗಿಟಾರಿಗೆ ಊರದೇ ಮಣಿಕಟ್ಟು ಬಾಗಿಸಿ, ಹೊಸ ತಂತಿಗೆ ಹೋದಾಗೆಲ್ಲ ಕೆಳಮುಖದ ಸ್ಟ್ರೋಕು, ಹೊಡೆದ ಪಿಕ್ಕು ಮುಂದಿನ ತಂತಿ ಮೇಲೆ ಹೋಗಿ ಕೂರ್ಬೇಕು. ಜೋರು ಸದ್ದು ಬರೋದು ಅದರಿಂದಾನೇ, ತೋಳಿನ ಬಲದಿಂದ ಅಲ್ಲ.

ಟ್ರಯೋ ಅಂದ್ರೆ ಏನು ಅಂತ ತೋರಿಸಿಕೊಟ್ಟಿದ್ದು ನನ್ನ ಮಟ್ಟಿಗೆ ನೆದರ್‌ಲ್ಯಾಂಡ್ಸ್‌ನ ರೋಸೆನ್‌ಬರ್ಗ್ ಟ್ರಯೋ. ಸ್ಟೋಖೆಲೋ ಲೀಡು, ಅವನ ಕಸಿನ್‌ಗಳು, ಅವರಿಬ್ಬರೂ ಅಣ್ಣತಮ್ಮಂದಿರು, ನೂಶೆ ರಿದಮ್ಮು, ನೋನಿ ಬೇಸು. 1989ರ ಮೊದಲ ಆಲ್ಬಮ್‌ನಿಂದ್ಲೇ ಆ ಜೋಡಣೆ ಹಾಗೇ ಇದೆ ಅನ್ನಿಸೋ ಥರ ನುಡಿಸ್ತಾರೆ. ಎಲ್ಲಾರೂ ಸ್ಟೋಖೆಲೋನ ನೋಡ್ತಿರ್ತಾರೆ, ನೀವು ಒಂದ್ಸಲ ನೂಶೆನ ಮಾತ್ರ ಕೇಳಿ, ಆಮೇಲೆ ಹೇಳಿ. ಇದಕ್ಕೆ ಪೂರ್ತಿ ವಿರುದ್ಧ ಅಂದ್ರೆ ಜಾಂಗೋ ಕೊನೆಗಾಲದಲ್ಲಿದ್ದ ಫ್ರಾನ್ಸಿನ ಸಾಮ್ವಾ ಊರಿನ ಫೆಸ್ಟಿವಲ್ ಸಮಯದ ಜ್ಯಾಮ್‌ಗಳು, ಅಂದ್ರೆ ಬಂದವರೆಲ್ಲ ಸೇರಿ ನುಡಿಸೋ ಕೂಟಗಳು, ಎಂಟ್ಹತ್ತು ಜನ ಸುತ್ತ ಕೂತು ಒಟ್ಟಿಗೆ ರಿದಮ್ ಬಾರಿಸ್ತಿರ್ತಾರೆ, ನುಡಿಸೋರಿಗೆ ಸ್ವರ್ಗ ಇರಬಹುದು, ವಿಡಿಯೋದಲ್ಲಿ ಕೇಳೋರಿಗೆ ಬರೀ ಗದ್ದಲ.

ವಯಲಿನ್ ಟ್ರಯೋದಲ್ಲಿ ಮಾತ್ರ ಒಂದು ಪೇಚಿದೆ. ವಯಲಿನ್ ಸೋಲೋ ಮುಗಿಸ್ತು, ಈಗ ಗಿಟಾರ್ ಸರದಿ, ಗಿಟಾರ್ ಸೋಲೋ ಶುರು ಮಾಡಿದ ತಕ್ಷಣ ಲಾ ಪೋಂಪ್ ಮಾಯ! ಜಾಂಗೋ ಗೊಣಗಿದ್ದು ಇದೇ ಸಂಕಟಕ್ಕಲ್ವಾ. ಬುದ್ಧಿವಂತ ಟ್ರಯೋಗಳು ಏನ್ ಮಾಡ್ತಾವೆ ಅಂದ್ರೆ ಬೇಸು ತಕ್ಷಣ ಎರಡರಿಂದ ನಾಲ್ಕು ಬೀಟಿಗೆ ಬದಲಾಗಿ ಪ್ರತಿ ಬೀಟಿಗೂ ಒಂದು ಸ್ವರ ಇಟ್ಕೊಂಡು ನಡೆಯೋಕೆ ಶುರು ಮಾಡುತ್ತೆ, ವಯಲಿನ್ನವರು ಬಿಲ್ಲನ್ನ ತಂತಿ ಮೇಲೆ ಗರಕ್ ಅಂತ ಒತ್ತಿ ಎರಡು, ನಾಲ್ಕನೇ ಬೀಟು ತುಂಬ್ತಾರೆ, ಇಲ್ಲಾ ಬೆರಳಲ್ಲಿ ಮೀಟ್ತಾರೆ, ಗಿಟಾರಿನವನೂ ಒಂಟಿ ಸ್ವರದ ಓಟ ಕಮ್ಮಿ ಮಾಡಿ ಮಧ್ಯ ಮಧ್ಯ ಕಾರ್ಡ್ ಚೂರು ಎಸೀತಾನೆ. 1937ರ ಮೈನರ್ ಸ್ವಿಂಗ್ ಥರದ ಹಾಡಲ್ಲಿ ಇದು ಸಲೀಸು, ಹದಿನಾರು ಬಾರ್ (ನಾಲ್ಕು ನಾಲ್ಕು ಬೀಟಿನ ಆವರ್ತ), ಮುಖ್ಯವಾಗಿ ಮೂರೇ ಕಾರ್ಡು, ಒಬ್ಬರು ಬಿಟ್ರೂ ಕೇಳೋರ ತಲೇಲಿ ಹಾಡು ಓಡ್ತಾನೇ ಇರುತ್ತೆ. ನಿಧಾನದ ಹಾಡಲ್ಲಿ ಮಾತ್ರ ತಪ್ಪಿಸಿಕೊಳ್ಳೋಕಾಗಲ್ಲ, ಅಲ್ಲಿ ಬೇಸಿನವನ ಒಂದು ಸ್ವರ ಶ್ರುತಿ ಬಿಟ್ರೂ ಇಡೀ ಟ್ರಯೋ ಸಿಕ್ಕಿಬಿತ್ತು. ಹೊಸ ಹುಡುಗರು ಸ್ಪೀಡ್ ಹಾಡೇ ಆರಿಸ್ಕೊಳ್ಳೋದು ಬರೀ ಶೋಕಿಗಲ್ಲ ಅಂತ ನಂಗೆ ಬಹಳ ದಿನದಿಂದ ಅನುಮಾನ.