ಮೈನಸ್ ಆರ್ ಹಾಕಿ ಕೆಟ್ಟೆ

ನಾನು ಡಿಬಿಎ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವನು. ಸಿಸ್ಟಮ್ ಕೆಟ್ಟಾಗ ಎಲ್ಲ ಟೀಮ್‌ಗಳೂ ಸೇರುವ ಬ್ರಿಡ್ಜ್ ಕಾಲ್‌ನಲ್ಲಿ ನಾನು ಅಂದಿದ್ದು ಇಷ್ಟೇ: "ಡೇಟಾಬೇಸ್ ಖಾಲಿ ಕೂತಿದೆ. ಆ್ಯಪ್ ಕಡೆ ನೋಡ್ಕೊಳ್ಳಿ." ಆ ಮಾತು ಈಗಲೂ ನಮ್ಮ ಫ್ಲೋರ್‌ನಲ್ಲಿ ಓಡಾಡುತ್ತಿದೆ. ಯಾವ ಸರ್ವರ್ ಹ್ಯಾಂಗ್ ಆದರೂ ಸಾಕು, "ಖಾಲಿ ಕೂತಿದೆ ಬಿಡ್ರಿ" ಅಂತ ನನ್ನ ಕಡೆ ತಿರುಗಿ ನಗುತ್ತಾರೆ.

ನಮ್ಮದು ಪೇರೋಲ್ ಪ್ರಾಡಕ್ಟ್. ತಿಂಗಳ ಕೊನೆಯ ವಾರ ನಮ್ಮಲ್ಲಿ ಯಾರೂ ರಜೆ ಕೇಳೋದಿಲ್ಲ. ಅವತ್ತು ಕ್ಲೈಂಟ್‌ಗಳು ಸ್ಯಾಲರಿ ಫೈನಲ್ ಮಾಡುವ ದಿನ. ಊಟದ ಹೊತ್ತಿಗೆ ಪಿ1, ಅಂದರೆ ಅತಿ ತುರ್ತಿನ ದೂರು, ಎದ್ದಿತು. ಸೇವ್ ಆಗ್ತಿಲ್ಲ, ಆಮೇಲೆ ಲಾಗಿನ್ನೂ ಆಗ್ತಿಲ್ಲ. ಮ್ಯಾನೇಜರ್ ಬೆಳ್ಳಂದೂರಿನ ಮಳೆ, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಕಾರಿನಿಂದಲೇ ಕಾಲ್‌ಗೆ ಬಂದರು. ಹಾರ್ನ್ ಶಬ್ದದ ನಡುವೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇಟಿಎ ಎಷ್ಟು?" ಅಂದರೆ, ಸರಿಹೋಗೋಕೆ ಇನ್ನೆಷ್ಟು ಹೊತ್ತು.

ಗ್ರಾಫ್ ತೋರಿಸುವ ಮಾನಿಟರಿಂಗ್ ಟೂಲ್ ನಮ್ಮಲ್ಲೂ ಇತ್ತು. ಖರ್ಚು ಉಳಿಸ್ತೀವಿ ಅಂತ ಅದರ ಲೈಸೆನ್ಸ್ ರಿನ್ಯೂ ಮಾಡಿರಲಿಲ್ಲ. ಉಳಿದದ್ದು ಟರ್ಮಿನಲ್ ಒಂದೇ. ಸರಿ, ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್, ಅದರ ಸ್ಥಿತಿ ಹೇಳುವ ಮೈಎಸ್‌ಕ್ಯೂಎಲ್‌ಅಡ್ಮಿನ್ ಅನ್ನೋ ಕಮಾಂಡ್ ಜೊತೆಗೇ ಬರುತ್ತಲ್ವಾ. ಅದರಲ್ಲಿ ಸುಮ್ನೆ 'ಸ್ಟೇಟಸ್' ಅಂದರೆ ಒಂದು ಸಾಲಿನಲ್ಲಿ ಸೆಕೆಂಡಿಗೆ ಸರಾಸರಿ ಎಷ್ಟು ಕ್ವೆರಿ (ಡೇಟಾಬೇಸ್‌ಗೆ ಬರುವ ಕೋರಿಕೆ) ಅಂತ ಹೇಳುತ್ತೆ. ಆ ಸರಾಸರಿ ಸರ್ವರ್ ಶುರುವಾದಾಗಿನಿಂದ ಹಾಕಿದ್ದು. ತಿಂಗಳುಗಟ್ಟಲೆ ಓಡಿರುವ ಸರ್ವರ್‌ನಲ್ಲಿ ಈ ಕ್ಷಣ ಬೆಂಕಿ ಬಿದ್ದಿದ್ದರೂ ಆ ಅಂಕಿ ಮಿಸುಕಾಡೋದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದೆ ಅನ್ನೋ ಜಂಬವೇ ಮುಂದಿನದಕ್ಕೆಲ್ಲ ಕಾರಣ.

ಹಾಗಾಗಿ ಎಲ್ಲ ಅಂಕಿಗಳನ್ನೂ ಬಿಡಿಬಿಡಿಯಾಗಿ ಕೊಡುವ 'ಎಕ್ಸ್‌ಟೆಂಡೆಡ್-ಸ್ಟೇಟಸ್' ಓಡಿಸಿದೆ. ಐದು ಸೆಕೆಂಡಿಗೊಮ್ಮೆ ಬರಲಿ ಅಂತ ಮೈನಸ್ ಐ 5, ಹಿಂದಿನ ಸಲಕ್ಕೂ ಈ ಸಲಕ್ಕೂ ಇರುವ ವ್ಯತ್ಯಾಸ ಮಾತ್ರ ತೋರಿಸಲಿ ಅಂತ ಮೈನಸ್ ಆರ್. ನೂರಾರು ಸಾಲು ಯಾರು ಓದ್ತಾರೆ ಅಂತ 'ಥ್ರೆಡ್ಸ್' ಮತ್ತು 'ಕ್ವೆಶ್ಚನ್ಸ್' (ಬಂದ ಕ್ವೆರಿಗಳ ಎಣಿಕೆ) ಎರಡನ್ನೇ ಸೋಸಿ ತೋರಿಸಲಿ ಅಂತ ಗ್ರೆಪ್ ಹಾಕಿದೆ. ಮೊದಲ ಸುತ್ತಿನಲ್ಲಿ ಯಾವಾಗಲೂ ಒಟ್ಟು ಮೊತ್ತವೇ ಬರುತ್ತೆ, ಅದನ್ನು ಅಭ್ಯಾಸಬಲದಿಂದ ನೋಡದೆ ಬಿಟ್ಟೆ. ಎರಡನೇ ಸುತ್ತಿನಿಂದ ಥ್ರೆಡ್ಸ್_ರನ್ನಿಂಗ್, ಅಂದರೆ ಕೆಲಸದಲ್ಲಿರುವ ಕನೆಕ್ಷನ್‌ಗಳ ಸಂಖ್ಯೆ, 0. ಮತ್ತೆ 0. ಮತ್ತೆ 0. ಕ್ವೆಶ್ಚನ್ಸ್ ಕೂಡ ಬೆರಳೆಣಿಕೆಯಷ್ಟು. ಪಕ್ಕದ ವಿಂಡೋದಲ್ಲಿ ಸಿಪಿಯು ತಣ್ಣಗಿತ್ತು. ಇನ್ನೇನು ಬೇಕು? ಹೇಳಿಬಿಟ್ಟೆ.

ಆ್ಯಪ್ ಟೀಮ್ ಲೀಡ್ ಸುಮ್ಮನಿರಲಿಲ್ಲ. "ಗುರು, ಪೂಲ್‌ನಲ್ಲಿ ಒಂದೂ ಕನೆಕ್ಷನ್ ಸಿಗ್ತಿಲ್ಲ, ನಿನ್ ಡಿಬಿನೇ ಬಿಡ್ತಿಲ್ಲ" ಅಂದ. ಪೂಲ್ ಅಂದರೆ ಆ್ಯಪ್ ತೆರೆದಿಟ್ಟುಕೊಂಡು ಹಂಚಿ ಬಳಸುವ ಡೇಟಾಬೇಸ್ ಕನೆಕ್ಷನ್‌ಗಳ ಗುಂಪು. ಲಾಗ್‌ನಿಂದ ಹತ್ತು ಸಾಲು ಕಾಪಿ ಮಾಡಿ ಹಾಕಿದ. ಎಲ್ಲವೂ ಪೂಲ್ ಟೈಮ್‌ಔಟ್. ನಾನು ನನ್ನ ಸೊನ್ನೆಗಳ ಸ್ಕ್ರೀನ್‌ಶಾಟ್ ಹಾಕಿದೆ. ಅವನು ಆ್ಯಪ್ ಓಡುವ ಪಾಡ್‌ಗಳನ್ನು ರೀಸ್ಟಾರ್ಟ್ ಮಾಡಿದ. ಒಂದೆರಡು ನಿಮಿಷ ಲಾಗಿನ್ ಆಯ್ತು, ಮತ್ತೆ ಅದೇ ಕಥೆ. ಕಾರಿನಿಂದ ಮತ್ತೆ "ಇಟಿಎ?" ಸಪೋರ್ಟ್‌ನವರು ಕ್ಲೈಂಟ್ ಎಚ್‌ಆರ್‌ಗಳ ಬೈಗುಳವನ್ನು ಒಂದೊಂದಾಗಿ ಚಾನೆಲ್‌ಗೆ ತಂದು ಸುರಿಯುತ್ತಿದ್ದರು. ಆ ಹೊತ್ತೆಲ್ಲ ನಾನು ಸೊನ್ನೆಗಳನ್ನೇ ನೋಡುತ್ತಾ, ಒಳಗೊಳಗೆ ಸ್ವಲ್ಪ ಖುಷಿಯಾಗಿಯೇ ಇದ್ದೆ. ನಮ್ಮ ಕಡೆ ಅಲ್ಲವಲ್ಲ!

ಪಕ್ಕದಲ್ಲಿ ಕೂತಿದ್ದ ಹಾಸನದ ಹುಡುಗಿ, ಟ್ರೈನಿ, ಮೆಲ್ಲಗೆ ಕೇಳಿದಳು: "ಸಾರ್, ಈ ಕಮಾಂಡ್ ಓಡಿಸ್ತಿರೋದೂ ಒಂದು ಥ್ರೆಡ್ ಅಲ್ವಾ? ಹಾಗಾದ್ರೆ ಕಡಿಮೆ ಅಂದ್ರೂ 1 ಬರಬೇಕಲ್ಲ?"

ಮೈಕ್ ಮ್ಯೂಟ್ ಆಗಿತ್ತು, ಪುಣ್ಯ.

ಮೈನಸ್ ಆರ್ ತೆಗೆದು ಓಡಿಸಿದೆ. ಥ್ರೆಡ್ಸ್_ರನ್ನಿಂಗ್ 81. ಪೂಲ್‌ನ 80, ನನ್ನ ಕಮಾಂಡಿನದು 1. ಪೂಲ್ ಪೂರ್ತಿ ತುಂಬಿ ಅಲ್ಲಾಡದೆ ನಿಂತಿದ್ದಕ್ಕೇ ವ್ಯತ್ಯಾಸ ಸೊನ್ನೆ ಬರುತ್ತಿತ್ತು. 500ಡಿ ಬಸ್ಸಿನಲ್ಲಿ ಕಾಲಿಡೋಕೂ ಜಾಗ ಇಲ್ಲ, ಈ ಸ್ಟಾಪ್‌ನಲ್ಲಿ ಯಾರೂ ಹತ್ತಲಿಲ್ಲ, ಇಳಿಯಲಿಲ್ಲ. ಅದನ್ನು ನೋಡಿ ಬಸ್ ಖಾಲಿ ಅಂದ ಹಾಗಾಯ್ತು ನನ್ನ ಲೆಕ್ಕ. ಕ್ವೆಶ್ಚನ್ಸ್ ಏರುತ್ತಲೇ ಹೋಗುವ ಕೌಂಟರ್, ಅದಕ್ಕೆ ಮೈನಸ್ ಆರ್ ಬೇಕೇ ಬೇಕು. ಥ್ರೆಡ್ಸ್_ರನ್ನಿಂಗ್ ಈ ಕ್ಷಣದ ಮಟ್ಟ. ಅದರಲ್ಲಿ ವ್ಯತ್ಯಾಸ ತೆಗೆದರೆ ಏನೂ ಉಳಿಯೋದಿಲ್ಲ. ಟೂಲ್‌ಗೆ ಇವೆರಡರ ಭೇದ ಗೊತ್ತಿಲ್ಲ, ಎಲ್ಲವನ್ನೂ ಕಳೆದು ಕೈಗಿಡುತ್ತೆ. ಗ್ರೆಪ್ ಹಾಕದೆ ಇದ್ದಿದ್ದರೆ, ಬೀಗ ಬಿಡೋದಕ್ಕೆ ಈಗ ಎಷ್ಟು ಮಂದಿ ಕಾದಿದ್ದಾರೆ ಅಂತ ಹೇಳುವ ಇನ್ನೋಡಿಬಿ_ರೋ_ಲಾಕ್_ಕರೆಂಟ್_ವೇಟ್ಸ್ ಕಾಣುತ್ತಿತ್ತಾ? ಕಾಣುತ್ತಿತ್ತು, ಅದೂ ಸೊನ್ನೆಯಾಗಿ! ಅದೂ ಮಟ್ಟವೇ.

ಆಮೇಲಿನದು ಬೇಗ ಬಿಚ್ಚಿಕೊಂಡಿತು. ಯಾವ ಕನೆಕ್ಷನ್ ಏನು ಮಾಡುತ್ತಿದೆ ಅಂತ ತೋರಿಸುವ ಪ್ರೋಸೆಸ್‌ಲಿಸ್ಟ್ ತುಂಬ ಒಂದೇ ಟೇಬಲ್ ಮೇಲೆ ಕಾದು ನಿಂತ ಅಪ್‌ಡೇಟ್‌ಗಳು. ಅವುಗಳನ್ನು ತಡೆದವನು ಮಾತ್ರ 'ಸ್ಲೀಪ್' ಅಂತ ತಣ್ಣಗೆ ಮಲಗಿದ್ದ. ಸಿಸ್ ಸ್ಕೀಮಾದ ಇನ್ನೋಡಿಬಿ_ಲಾಕ್_ವೇಟ್ಸ್ ತೆಗೆದರೆ ಯಾರು ಯಾರನ್ನು ತಡೆದಿದ್ದಾರೆ ಅನ್ನೋದರ ಜೊತೆಗೆ, ಓಡಿಸಬೇಕಾದ ಕಿಲ್ ಸ್ಟೇಟ್‌ಮೆಂಟನ್ನೂ ಅದೇ ಬರೆದುಕೊಡುತ್ತೆ. ಕಿಲ್ ಕ್ವೆರಿ ಇಲ್ಲಿ ಕೆಲಸಕ್ಕೆ ಬಾರದು. ಮಲಗಿದವನ ಕ್ವೆರಿ ಯಾವತ್ತೋ ಮುಗಿದಿರುತ್ತೆ, ಕನೆಕ್ಷನ್ನೇ ಕಿಲ್ ಆಗಬೇಕು. ಮಾಡಿದೆವು. ರೋಲ್‌ಬ್ಯಾಕ್, ಅಂದರೆ ಅವನು ಮಾಡಿದ್ದ ಬದಲಾವಣೆ ವಾಪಸ್ ಆಗೋದು, ಮುಗಿಯುವವರೆಗೆ ಕಾದೆವು. ಇನ್ನೋಡಿಬಿ_ಟಿಆರ್‌ಎಕ್ಸ್‌ನಲ್ಲಿ ಬದಲಾದ ಸಾಲುಗಳ ಲೆಕ್ಕವಾದ ಟಿಆರ್‌ಎಕ್ಸ್_ರೋಸ್_ಮಾಡಿಫೈಡ್ ಇಳಿಯುತ್ತಾ ಬರುವುದನ್ನು ಎಲ್ಲರೂ ನನ್ನ ಸ್ಕ್ರೀನ್‌ ಶೇರ್‌ನಲ್ಲಿ ಉಸಿರು ಬಿಗಿಹಿಡಿದು ನೋಡಿದರು. ಆಗ ಯಾರೂ ಇಟಿಎ ಕೇಳಲಿಲ್ಲ.

ಆಗಿದ್ದಿಷ್ಟು. ಫೈನಾನ್ಸ್ ಸಪೋರ್ಟ್‌ನ ಒಬ್ಬರು ಪ್ರೊಡಕ್ಷನ್‌ನಲ್ಲಿ ನೇರವಾಗಿ ಒಂದು ಅಪ್‌ಡೇಟ್ ಓಡಿಸಿ, ಆಟೋಕಮಿಟ್ (ಬದಲಾವಣೆ ತಾನಾಗೇ ಖಾಯಂ ಆಗೋ ಸೆಟ್ಟಿಂಗ್) ಆಫ್ ಇರೋದು ಗೊತ್ತಿಲ್ಲದೆ, ಲ್ಯಾಪ್‌ಟಾಪ್ ಲಾಕ್ ಮಾಡಿ ಫುಡ್ ಕೋರ್ಟ್‌ಗೆ ಹೋಗಿದ್ದರು. ಯಾವ ಸಾಲುಗಳು ಬದಲಾಗಬೇಕು ಅಂತ 'ವೇರ್' ಷರತ್ತಿನಲ್ಲಿ ಕೊಟ್ಟಿದ್ದ ಕಾಲಮ್‌ಗೆ ಇಂಡೆಕ್ಸ್ ಇರಲಿಲ್ಲ. ನಮ್ಮಲ್ಲಿರೋದು ಡೀಫಾಲ್ಟ್ ಐಸೊಲೇಷನ್ ಸೆಟ್ಟಿಂಗ್, ರಿಪೀಟಬಲ್ ರೀಡ್. ಆಗ ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಎಂಜಿನ್ ಇನ್ನೋಡಿಬಿ ಬದಲಾದ ಸಾಲುಗಳಿಗಷ್ಟೇ ಬೀಗ ಹಾಕಿ ಬಿಡೋದಿಲ್ಲ, ನೋಡುತ್ತಾ ಹೋದ ಸಾಲುಗಳಿಗೆಲ್ಲ ಹಾಕುತ್ತೆ. ಅಂದರೆ ಪೂರ್ತಿ ಟೇಬಲ್. ಹಿಂದೆ ಬಂದ ಸೇವ್‌ಗಳು ತಲಾ 50 ಸೆಕೆಂಡ್ ಕಾದು, ಎರರ್ ತಿಂದು, ರೀಟ್ರೈ ಆಗಿ ಮತ್ತೆ ಕ್ಯೂ ಹಿಡಿದವು. ಆ ಲಾಕ್ ವೇಟ್ ಟೈಮ್‌ಔಟ್ ಸಾಲು ಆ್ಯಪ್ ಲಾಗ್‌ನಲ್ಲಿ ಇದ್ದೇ ಇತ್ತು, ಪೂಲ್ ಟೈಮ್‌ಔಟ್‌ಗಳ ಕೆಳಗೆ ಹೂತುಹೋಗಿತ್ತು. ನನ್ನ ಸ್ಕ್ರೀನ್‌ಶಾಟ್ ನೋಡದೆ ಇದ್ದಿದ್ದರೆ ಅವರು ಇನ್ನಷ್ಟು ಕೆಳಗೆ ಸ್ಕ್ರೋಲ್ ಮಾಡುತ್ತಿದ್ದರೇನೋ.

ಆರ್‌ಸಿಎಯಲ್ಲಿ, ಅಂದರೆ ಮೂಲ ಕಾರಣದ ವರದಿಯಲ್ಲಿ, ಮ್ಯಾನೇಜ್‌ಮೆಂಟ್ ಬರೆದದ್ದು 'ಹ್ಯೂಮನ್ ಎರರ್'. ಆ್ಯಕ್ಷನ್ ಐಟಂ: ಡಿಬಿಎ ಟೀಮ್‌ಗೆ ಟ್ರೈನಿಂಗ್. ಸಪೋರ್ಟ್‌ಗೆ ಪ್ರೊಡಕ್ಷನ್‌ನಲ್ಲಿ ರೈಟ್ ಆಕ್ಸೆಸ್ ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ. ತೆಗೆದರೆ ಕೆಲಸ ನಿಲ್ಲುತ್ತಂತೆ.

ಈಗ ಎರಡು ಏಲಿಯಸ್ (ಉದ್ದ ಕಮಾಂಡಿಗೆ ಚಿಕ್ಕ ಹೆಸರು) ಮಾಡಿಟ್ಟಿದ್ದೇನೆ. ಕೌಂಟರ್‌ಗಳಿಗೆ ಮೈನಸ್ ಆರ್ ಇರೋದು, ಮಟ್ಟಗಳಿಗೆ ಇಲ್ಲದ್ದು. ಎರಡೂ ಅಕ್ಕಪಕ್ಕ ಓಡುತ್ತವೆ. ಟ್ರೈನಿ ಹುಡುಗಿ ತಾನಾಗೇ ಆಗಾಗ ಓಡುವ ಒಂದು ಕ್ರಾನ್ ಬರೆದಳು: ಐದು ನಿಮಿಷಕ್ಕಿಂತ ಜಾಸ್ತಿ ತೆರೆದಿರುವ ಟ್ರಾನ್ಸಾಕ್ಷನ್ ಸಿಕ್ಕರೆ ಯೂಸರ್ ಹೆಸರಿನ ಸಮೇತ ಚಾನೆಲ್‌ಗೆ ಮೆಸೇಜ್. ಮೊದಲ ವಾರ ಅದರಲ್ಲಿ ಜಾಸ್ತಿ ಬಂದದ್ದು ಮ್ಯಾನೇಜರ್ ತಮ್ಮ ರಿಪೋರ್ಟ್‌ಗೆ ಅಂತ ತೆರೆದಿಟ್ಟು ಮರೆತ ಸೆಷನ್‌ಗಳೇ. ಚಾನೆಲ್ ಮ್ಯೂಟ್ ಮಾಡಿಕೊಂಡಿದ್ದಾರೆ ಅಂತ ಸುದ್ದಿ.