ಮಾತ್ರೆ ನುಂಗಿದರೆ ಸಾಕೇ?

"ಮಾತ್ರೆ ನುಂಗುತ್ತಿದ್ದಾನೆ, ಈಗ ದನಿಗಳೂ ಕೇಳಿಸುವುದಿಲ್ಲವಂತೆ. ಇನ್ನು ಕೆಲಸಕ್ಕೆ ಹೋಗಲು ಏನು ಧಾಡಿ?" ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಭ್ರಮೆಗಳು ಕಾಡುವ ಮನೋರೋಗ ಇರುವವರ ಬಗ್ಗೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಮೈಕೆಲ್ ಗ್ರೀನ್ 1996ರಲ್ಲೇ ಹಿಂದಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಕೇಳಿದ್ದನ್ನು ನೆನಪಿಟ್ಟುಕೊಳ್ಳುವ, ಗಮನವನ್ನು ಹಿಡಿದಿಡುವ ಶಕ್ತಿ ಕುಂದಿದಷ್ಟೂ ದುಡಿಮೆ, ಒಡನಾಟ ಎಲ್ಲವೂ ಕುಂಟುತ್ತವೆ. ದನಿಗಳಿಗೂ ಭ್ರಮೆಗಳಿಗೂ ದುಡಿಮೆ, ಒಡನಾಟಗಳೊಂದಿಗೆ ಅಂಥ ನಂಟು ಕಾಣಲಿಲ್ಲ. ಮಾತ್ರೆಗಳು ದನಿಯನ್ನು ಅಡಗಿಸಬಲ್ಲವು, ನೆನಪನ್ನು ಹೆಚ್ಚೇನೂ ಸುಧಾರಿಸವು.

ಇಂಥವರು ದಿನನಿತ್ಯದ ಕೆಲಸಗಳನ್ನು ಎಷ್ಟರಮಟ್ಟಿಗೆ ಮಾಡಬಲ್ಲರೆಂದು ಅಳೆಯಲು ಅಮೆರಿಕದ ಸ್ಯಾನ್ ಡಿಯಾಗೊದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ನನಗೆ ಬಹಳ ಹಿಡಿಸಿತು. ಪ್ರಶ್ನೆಪತ್ರಿಕೆಯ ಗೋಜಿಲ್ಲ. ಚಿಲ್ಲರೆ ಎಣಿಸಿ ಕೊಡಿ, ಬಸ್ಸಿನ ನಕ್ಷೆ ನೋಡಿ ದಾರಿ ಹೇಳಿ, ವೈದ್ಯರ ಭೇಟಿಯ ದಿನ ಬದಲಿಸಲು ಫೋನ್ ಮಾಡಿ. ಆ ಒಂದು ಕರೆಯಲ್ಲೇ ಎಷ್ಟೆಲ್ಲ ಅಡಗಿದೆ! ಪತ್ರ ಓದಬೇಕು, ಸಂಖ್ಯೆ ಒತ್ತಬೇಕು, ಬೇರೆ ದಿನ ಕೇಳಬೇಕು, ಹೋಗುವಾಗ ಏನು ತರಬೇಕೆಂದು ಪತ್ರದಲ್ಲಿತ್ತೋ ಅದನ್ನು ಮರೆಯಬಾರದು. ನಡುವೆ ಒಂದು ಕೊಂಡಿ ಕಳಚಿದರೂ ಕರೆ ಕೆಟ್ಟಿತು. ಹೊರಗಿನವರ ಕಣ್ಣಿಗೆ ಅದು ಬರೀ ಮೈಗಳ್ಳತನ.

ನೆನಪು, ಗಮನಗಳಿಗೆ ತರಬೇತಿ ಕೊಡುವ ಪದ್ಧತಿಯೂ ಇದೆ. ಲಂಡನ್ನಿನ ಮನಶ್ಶಾಸ್ತ್ರಜ್ಞೆ ಟಿಲ್ ವೈಕ್ಸ್ ಮತ್ತು ಸಂಗಡಿಗರು 2011ರಲ್ಲಿ 40 ಅಧ್ಯಯನಗಳನ್ನು ಪರಿಶೀಲಿಸಿದಾಗ, ಪುನರ್ವಸತಿಯ, ಅಂದರೆ ದುಡಿಮೆ, ಒಡನಾಟಗಳಿಗೆ ಮರಳಲು ಕೊಡುವ ನೆರವಿನ ಜೊತೆಗೆ ಕೊಟ್ಟಾಗಲೇ ಅದು ದಿನನಿತ್ಯದ ಬದುಕಿಗೆ ಹೆಚ್ಚು ಒದಗಿದ್ದು ಕಂಡಿತು. ಮೊಬೈಲಿನಲ್ಲಿ ಮಿದುಳಿನ ಆಟ ಮಾರುವವರು ಮಾತ್ರ ಇದನ್ನು ಅಪ್ಪಿತಪ್ಪಿಯೂ ಹೇಳುವುದಿಲ್ಲ.