ಉಕ್ಕಿ ಬಾ ಕಾವೇರಮ್ಮೆ

ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ಇರಬೇಕು ಅಂತ ಬಹಳ ವರ್ಷಗಳಿಂದ ಆಸೆ ಇತ್ತು. ಅದು ಕೂಡಿ ಬಂದದ್ದು 2024ರಲ್ಲಿ. ಆ ವರ್ಷ ಅಕ್ಟೋಬರ್ 17ರ ಬೆಳಗ್ಗೆ 7.40ಕ್ಕೆ ತೀರ್ಥೋದ್ಭವ. ಈ ಸಮಯ ಪ್ರತಿ ವರ್ಷ ಬದಲಾಗುತ್ತದೆ. ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಯಲ್ಲೇ ಕಾವೇರಿ ಉಕ್ಕುತ್ತಾಳೆ ಅನ್ನೋದು ನಂಬಿಕೆ. ಹಿಂದಿನ ವರ್ಷ ಅದು ನಡುರಾತ್ರಿ ದಾಟಿದ ಮೇಲೆ ಬಂದಿತ್ತು. ಆಗಲೂ ಜನ ಚಳಿಯಲ್ಲಿ ನಿಂತಿದ್ದರು.

ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಬೆಟ್ಟದ ಮೇಲಕ್ಕೆ 8 ಕಿಲೋಮೀಟರ್. ನಾವು ಹೊರಟಾಗ ಇನ್ನೂ ಕತ್ತಲು. ಮಂಜು ಬಿಟ್ಟರೆ ದಾರಿಯಲ್ಲಿ ಏನೂ ಕಾಣಲಿಲ್ಲ.

ಬ್ರಹ್ಮಗಿರಿಯ ಮಡಿಲಲ್ಲಿರುವ ಕುಂಡಿಕೆ, ಅಂದರೆ ಕಾವೇರಿ ಉಕ್ಕುವ ಹೊಂಡ, ತುಂಬ ಚಿಕ್ಕದು. ಮೊದಲ ಸಲ ನೋಡುವವರಿಗೆ ಇಷ್ಟೇನಾ ಅನಿಸಬಹುದು. ಅದರ ಮುಂದೆ ಸ್ನಾನಕ್ಕೆ ದೊಡ್ಡ ಕೊಳ ಇದೆ. ನನ್ನ ಪಕ್ಕದಲ್ಲಿ ಒಬ್ಬ ಕೊಡವ ಅಜ್ಜಿ ಹಿತ್ತಾಳೆ ತಂಬಿಗೆ ಹಿಡಿದು ನಿಂತಿದ್ದರು. ಸೀರೆಯ ನೆರಿಗೆ ಹಿಂದಕ್ಕೆ. ಬಲಮುರಿಯಲ್ಲಿ ಕಾವೇರಿಯ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ತಿರುಗಿತು ಅಂತ ಕೊಡಗಿನಲ್ಲಿ ಕಥೆ ಹೇಳುತ್ತಾರೆ. ನದಿಯ ನೆನಪನ್ನು ಮೈಮೇಲೆ ಉಟ್ಟು ಓಡಾಡುವ ಜನ!

"ಅಜ್ಜಿ, ಪ್ರತಿ ವರ್ಷ ಬರ್ತೀರಾ?" ಅಂತ ಕೇಳಿದೆ.

"ತಾಯಿ ಬರೋ ದಿನ ಮನೇಲಿ ಕೂತಿರೋಕಾಗುತ್ತಾ ಮಗಾ?"

ಸಮಯ ಹತ್ತಿರ ಬಂದಂತೆ ಅರ್ಚಕರ ಮಂತ್ರದ ದನಿ ಏರಿತು. ಸುತ್ತಲೂ "ಉಕ್ಕಿ ಬಾ ಕಾವೇರಮ್ಮೆ" ಅನ್ನುವ ಕೂಗು. ಕುಂಡಿಕೆಯ ನೀರಿನ ಮೇಲೆ ಕುಂಕುಮ, ಹೂವು ತೇಲುತ್ತಿತ್ತು. ಒಮ್ಮೆ ನೀರು ಅಲುಗಿತು, ಹೂವು ಅಂಚಿಗೆ ಸರಿಯಿತು. ಅರ್ಚಕರು ತೀರ್ಥವನ್ನು ಜನರತ್ತ ಚಿಮುಕಿಸಿದರು. ಅಜ್ಜಿ ಕಣ್ಣು ಮುಚ್ಚಿ ಮುಖವನ್ನು ಮೇಲಕ್ಕೆತ್ತಿದರು. ಹನಿಗಳು ಕೆನ್ನೆ ಮೇಲೆ ಇಳಿದವು. ಅವರು ಒರೆಸಿಕೊಳ್ಳಲಿಲ್ಲ.

ನೀರು ನಿಜವಾಗಿ ಉಕ್ಕುತ್ತದಾ ಅಂತ ವಾದ ಮಾಡುವವರು ಇದ್ದೇ ಇದ್ದಾರೆ. ನನ್ನನ್ನು ಹಿಡಿದಿಟ್ಟದ್ದು ಬೇರೆ ವಿಷಯ. ಜೂನ್‌ನಿಂದ ಸುರಿದ ಮಳೆ ಹಿಂದೆ ಸರಿಯುವ ಹೊತ್ತು ಇದು. ಗದ್ದೆಯಲ್ಲಿ ಭತ್ತ ತೆನೆಗೆ ಬರುವ ಹೊತ್ತೂ ಹೌದು. ಇನ್ನು ಮುಂದೆ ಹೊಳೆ ಬದುಕಬೇಕಾದ್ದು ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡು, ಹುಲ್ಲುಗಾವಲು ಹೀರಿಟ್ಟುಕೊಂಡ ನೀರಿನಿಂದ. ಆಕಾಶದ ನೀರು ಮುಗಿದು ನೆಲದ ನೀರು ಶುರುವಾಗುವ ಸಂಧಿಯಲ್ಲೇ ಹಿರಿಯರು ಈ ಹಬ್ಬ ಇಟ್ಟಿದ್ದಾರೆ. ಅವರು ಗದ್ದೆಯನ್ನೂ ಬೆಟ್ಟವನ್ನೂ ಚೆನ್ನಾಗಿ ಬಲ್ಲವರು ಅಂತ ನನಗೆ ಖಾತ್ರಿ.

ಇದೇ ನೀರಿಗೆ ಇನ್ನೊಂದು ಮುಖವೂ ಇದೆ. 2020ರ ಆಗಸ್ಟ್ ಮಳೆಯಲ್ಲಿ ಇಲ್ಲಿನ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿ ಸೇರಿತು. ಈ ತಾಯಿಯ ಪೂಜೆಯಲ್ಲೇ ಬದುಕು ಕಳೆದವರು ಆ ಮಣ್ಣಲ್ಲಿ ಹೋದರು. ಆ ಕಡೆ ನೋಡಿದಾಗ ನನಗೆ ಮಾತು ಹೊರಡಲಿಲ್ಲ. ಬೆಟ್ಟದ ಮೈ ಕೆದಕುವ ಮುಂಚೆ ನಾವು ನೂರು ಸಲ ಯೋಚಿಸಬೇಕು.

ನಾನು ಬೆಂಗಳೂರಿನವನು. ಹಿಂದಿನ ದಿನವಷ್ಟೇ, ಅಂದರೆ ಅಕ್ಟೋಬರ್ 16ಕ್ಕೆ, ತೊರೆಕಾಡನಹಳ್ಳಿಯಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತದ ಉದ್ಘಾಟನೆ ಆಗಿತ್ತು. ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಕೊಡುವ ಯೋಜನೆ. ಸುಮಾರು 100 ಕಿಲೋಮೀಟರ್ ದೂರದಿಂದ, ಪಂಪುಗಳ ಬಲದಲ್ಲಿ ಮೇಲೇರಿ ನಮ್ಮ ನಲ್ಲಿಗೆ ಬರುವ ನೀರು ಇದು. ಅಜ್ಜಿಗೆ ಹೇಳಿದೆ. ಅವರು "ಹಾಗಾದ್ರೆ ಅಮ್ಮ ನಿಮ್ಮ ಮನೆಗೆ ದಿನಾ ಬರ್ತಾಳೆ" ಅಂದರು.

ಮರುದಿನ ಪರಿಚಯದ ಒಂದು ಕೊಡವ ಮನೆಯಲ್ಲಿ ಕಣಿ ಪೂಜೆಗೆ ಕರೆದಿದ್ದರು. ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಒಂದು ಸೌತೆಕಾಯಿ ಇಟ್ಟು, ಕೆಂಪು ರೇಷ್ಮೆ ಸುತ್ತಿ, ಸರ ಬಳೆ ತೊಡಿಸಿದ್ದರು. ಅವಳೇ ಕಾವೇರಿ. ಮನೆಯ ಮಕ್ಕಳಿಂದ ಹಿಡಿದು ಎಲ್ಲರೂ ಅಕ್ಕಿ ಕಾಳು ಹಾಕಿ ನಮಸ್ಕಾರ ಮಾಡಿ, ಹಿರಿಯರ ಕಾಲಿಗೆ ಬಿದ್ದರು. ಗದ್ದೆಯಲ್ಲಿ ಬಳ್ಳಿ ಸುತ್ತಿದ ಕೋಲು ನೆಟ್ಟಿದ್ದರು, ಅದಕ್ಕೆ ಬೊತ್ತು ಅಂತಾರೆ. ಊಟಕ್ಕೆ ದೋಸೆ, ಕುಂಬಳಕಾಯಿ ಪಲ್ಯ. ಆ ಪಲ್ಯದ ರುಚಿ ಬಗ್ಗೆಯೇ ಇನ್ನೊಂದು ಬರಹ ಬರೆಯಬಹುದು.

ತಲಕಾವೇರಿಯಿಂದ ತಂದ ತೀರ್ಥದ ಬಾಟಲಿ ದೇವರ ಕೋಣೆಯಲ್ಲಿತ್ತು. ವರ್ಷವಿಡೀ ಅಲ್ಲೇ ಇರುತ್ತದೆ. ಮನೆಯಲ್ಲಿ ಯಾರಾದರೂ ಕೊನೆಯುಸಿರು ಎಳೆಯುವಾಗ ಬಾಯಿಗೆ ಬಿಡುವುದು ಇದನ್ನೇ. "ಹೋದ ವರ್ಷದ್ದು ನಮ್ಮ ಅಪ್ಪನಿಗೆ ಕೊಟ್ವಿ" ಅಂದರು ಮನೆಯೊಡತಿ. ಅಷ್ಟು ಹೇಳಿ ದೋಸೆ ಹಾಕಲು ಒಳಗೆ ಹೋದರು.

ಹೋಗಬೇಕು ಅನ್ನುವವರಿಗೆ ಒಂದು ಮಾತು. ಸಂಕ್ರಮಣದ ದಿನ ಜನ ಜಾಸ್ತಿ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ತುಲಾ ಮಾಸದ ಬೇರೆ ಯಾವ ದಿನವಾದರೂ ಹೋಗಿ, ತಿಂಗಳಿಡೀ ಜನ ಬರುತ್ತಲೇ ಇರುತ್ತಾರೆ. ಭಾಗಮಂಡಲದ ಸಂಗಮದಲ್ಲಿ ಸ್ನಾನ ಮಾಡಿದ ಮೇಲೆ ಹಳೇ ಬಟ್ಟೆಯನ್ನು ದಯವಿಟ್ಟು ನೀರಿಗೆ ಬಿಡಬೇಡಿ.